ಮಾತ್ರೆ ಡಬ್ಬಿ ಇತ್ತ ತನ್ನಿ

ನಾಯಿ ಎರಡು ಸಲ ನೀರಾಗಿ ಭೇದಿ ಮಾಡಿಕೊಂಡಿತು ಅಂದರೆ ಸಾಕು, ಮನೆಮಂದಿಯ ಮುಖ ಬಾಡಿಹೋಗುತ್ತದೆ. ಒಬ್ಬರು ಡಾಕ್ಟರಿಗೆ ಫೋನು ಹಚ್ಚುತ್ತಾರೆ, ಒಬ್ಬರು ಆಟೋ ಕರೆಯುತ್ತಾರೆ, ಮೂರನೆಯವರು ಫ್ರಿಜ್ಜಿನ ಮೇಲಿನ ಡಬ್ಬಿ ಇಳಿಸಿ ಹೋದ ವರ್ಷ ಉಳಿದ ಮಾತ್ರೆ ಹುಡುಕುತ್ತಾರೆ. ಎಲ್ಲವೂ ಪ್ರೀತಿಯಿಂದಲೇ, ನನಗೆ ಗೊತ್ತು. ನಾನೂ ಮೂವತ್ತು ವರ್ಷದಿಂದ ನಾಯಿ ಬೆಕ್ಕು ಸಾಕಿದವಳು, ನಿಮ್ಮ ಗಾಬರಿ ನನಗೆ ಹೊಸದಲ್ಲ. ಆದರೆ ಡಬ್ಬಿ ಇಳಿಸುವ ಆ ಮೂರನೆಯವರಿಗೆ ನಾಲ್ಕು ಮಾತು ಹೇಳುವುದಿದೆ. ಆಟೋ ಹತ್ತಿ ಹೊರಟವರಿಗೂ ಎರಡು ಮಾತಿದೆ. ಬೇಸರ ಮಾಡಿಕೊಳ್ಳದೆ ಕೇಳಿ.

ಆಟೋದವರಿಂದಲೇ ಶುರು ಮಾಡೋಣ. ಪಶುವೈದ್ಯರ ಕ್ಲಿನಿಕ್ಕಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತು ನೋಡಿ, ಏನೇನು ಕಿವಿಗೆ ಬೀಳುತ್ತದೆ ಅಂತ. "ಸಾರ್, ಒಂದು ಆ್ಯಂಟಿಬಯಾಟಿಕ್ ಬರೆದುಬಿಡಿ." "ಮಾತ್ರೆ ನುಂಗಲ್ಲ ಮೇಡಂ, ಸೂಜಿ ಹಾಕಿಬಿಡಿ." "ಸ್ವಲ್ಪ ಪವರ್ ಇರೋದು ಕೊಡಿ, ನಾಳಿದ್ದು ಊರಿಗೆ ಹೋಗಬೇಕು." ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಅಂತ ಗಾದೆ ಇದೆಯಲ್ಲ, ಇಲ್ಲಿ ಬಯಸುವುದು ರೋಗಿಯೂ ಅಲ್ಲ. ಪಾಪ, ರೋಗಿ ಬೆಂಚಿನ ಕೆಳಗೆ ಬಾಲ ಮುದುರಿಕೊಂಡು ಕೂತಿದೆ. ಬಯಸುವವರು ನೀವು. ನೀವು ಪಟ್ಟು ಹಿಡಿದರೆ ಡಾಕ್ಟರೂ ಒಮ್ಮೊಮ್ಮೆ ಬರೆದುಬಿಡುತ್ತಾರೆ. ಬರೆಯದಿದ್ದರೆ ಎದುರು ರಸ್ತೆಯ ಕ್ಲಿನಿಕ್ಕಿಗೆ ಹೋಗುತ್ತೀರಿ, ಹೋಗಿ "ಅವರು ಏನೂ ಕೊಡಲೇ ಇಲ್ಲ" ಅಂತ ದೂರುತ್ತೀರಿ ಅನ್ನುವುದು ಅವರಿಗೂ ಗೊತ್ತಿರುತ್ತದೆ. ಔಷಧಿ ಬೇಕೋ ಬೇಡವೋ ಅನ್ನುವುದು ರೋಗ ನೋಡಿ ತೀರ್ಮಾನವಾಗಬೇಕು. ನಿಮ್ಮ ಮುಖ ನೋಡಿ ಆಗಬಾರದು.

ಆ್ಯಂಟಿಬಯಾಟಿಕ್ ಅನ್ನುವುದು ಬ್ಯಾಕ್ಟೀರಿಯಾ ಮೇಲೆ ಮಾತ್ರ ಕೆಲಸ ಮಾಡುವ ಔಷಧಿ. ಪುಸ್ತಕದಲ್ಲಿ ಪ್ರತಿಜೀವಕ ಅಂತ ಬರೆಯುತ್ತಾರೆ. ವೈರಸ್ಸಿಗೆ ಅದು ತಾಗುವುದಿಲ್ಲ, ಬೂಷ್ಟಿಗೆ ತಾಗುವುದಿಲ್ಲ, ಕಜ್ಜಿ ಹುಳಕ್ಕೆ ತಾಗುವುದಿಲ್ಲ, ಅಲರ್ಜಿಗೂ ತಾಗುವುದಿಲ್ಲ. ಬೆಕ್ಕಿನ ಸೀನು, ಕಣ್ಣಲ್ಲಿ ನೀರು ಹೆಚ್ಚಿನ ಸಲ ವೈರಸ್ಸಿನದು. ನಾಯಿ ಕೆರೆದು ಕೆರೆದು ಮೈ ಕೆಂಪಗೆ ಮಾಡಿಕೊಂಡಿದೆ ಅಂದರೆ ಮೂಲದಲ್ಲಿ ಚಿಗಟ ಇರಬಹುದು, ತಿನ್ನುವ ಆಹಾರ ಒಗ್ಗದೇ ಇರಬಹುದು. ಅದನ್ನು ಹುಡುಕದೆ ಮಾತ್ರೆ ನುಂಗಿಸಿದರೆ ಹದಿನೈದು ದಿನ ಕೆರೆತ ತಗ್ಗಿದ ಹಾಗೆ ಕಂಡು ಹದಿನಾರನೆಯ ದಿನ ಮತ್ತೆ ಶುರುವಾಗುತ್ತದೆ. ಕಿವಿಯ ನಾತಕ್ಕೂ ಅಷ್ಟೆ. ಹತ್ತಿಯ ಕಡ್ಡಿಯಲ್ಲಿ ಒಂದಿಷ್ಟು ಕೊಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟಿನ ಜಾತಿಯದೋ ಬ್ಯಾಕ್ಟೀರಿಯಾವೋ ಗೊತ್ತಾಗುತ್ತದೆ. ಡಾಕ್ಟರು ಆ ಪರೀಕ್ಷೆ ಮಾಡುತ್ತೇನೆ ಅಂದಾಗ "ಸುಮ್ಮನೆ ದುಡ್ಡು ಕೀಳೋಕೆ" ಅಂತ ಗೊಣಗಬೇಡಿ.

ಇನ್ನು ಭೇದಿ. ದೊಡ್ಡ ನಾಯಿ, ಲವಲವಿಕೆಯಿಂದಿದೆ, ನೀರು ಕುಡಿಯುತ್ತಿದೆ, ನಿನ್ನೆ ಮದುವೆ ಮನೆಯ ಎಲೆ ನೆಕ್ಕಿ ಬಂದಿದೆ, ಇವತ್ತು ಹೊಟ್ಟೆ ಕೆಟ್ಟಿದೆ. ಇಂಥದ್ದು ಬಹುಪಾಲು ಎರಡು ಮೂರು ದಿನದಲ್ಲಿ ತಾನಾಗಿ ಸರಿಹೋಗುತ್ತದೆ. ಮೆತ್ತಗೆ ಬೆಂದ ಅನ್ನ, ಉಪ್ಪು ಖಾರ ಈರುಳ್ಳಿ ಸೋಕದ ಬೇಯಿಸಿದ ಕೋಳಿ, ಬೇಕಾದಷ್ಟು ನೀರು ಸಾಕು. ಇದಕ್ಕೆ ಆ್ಯಂಟಿಬಯಾಟಿಕ್ ಹಾಕುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಮೇಲಾಗಿ ಹೊಟ್ಟೆಯೊಳಗೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆ. ಮೊಸರಿಗೆ ಹೆಪ್ಪು ಹೇಗೋ ಹೊಟ್ಟೆಗೆ ಅವು ಹಾಗೆ. ಔಷಧಿ ಕೆಟ್ಟದ್ದನ್ನು ಕೊಲ್ಲುವಾಗ ಈ ಹೆಪ್ಪನ್ನೂ ಕೊಲ್ಲುತ್ತದೆ. ಆಮೇಲೆ "ಮಾತ್ರೆ ಕೊಟ್ಟರೂ ಇವನ ಹೊಟ್ಟೆ ಸರಿಯಾಗಲೇ ಇಲ್ಲ" ಅಂತ ನೀವೇ ಬಂದು ಕೂರುತ್ತೀರಿ.

ಆದರೆ ರಕ್ತ ಬೀಳುತ್ತಿದ್ದರೆ, ವಾಂತಿ ಜೊತೆಗಿದ್ದರೆ, ಪ್ರಾಣಿ ಸೋತು ಮಲಗಿದ್ದರೆ, ಅಥವಾ ಅದು ಮರಿಯಾಗಿದ್ದರೆ ಒಂದು ಗಂಟೆಯೂ ಕಾಯಬೇಡಿ. ಮರಿಗಳಿಗೆ ಪಾರ್ವೋ ಬಡಿದರೆ ದಿನ ಎಣಿಸುವಷ್ಟು ಸಮಯವೂ ಸಿಗದು. ಪಾರ್ವೋ ವೈರಸ್ ಅಲ್ಲವೇ, ಮತ್ತೆ ಅದಕ್ಕೆ ಡಾಕ್ಟರು ಆ್ಯಂಟಿಬಯಾಟಿಕ್ ಕೊಡುತ್ತಾರಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆ ವೈರಸ್ಸು ಕರುಳಿನ ಗೋಡೆಯನ್ನು ಕೆಡವಿ, ರಕ್ತದ ಬಿಳಿ ಕಣಗಳನ್ನೂ ಇಳಿಸಿಬಿಡುತ್ತದೆ. ಬಿದ್ದ ಗೋಡೆಯಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗದಿರಲಿ ಅಂತ ಕೊಡುವುದು. ಎರಡು ಮರಿಗಳ ಭೇದಿ ನೋಡಲು ಒಂದೇ ಥರ ಇದ್ದು, ಒಂದಕ್ಕೆ ಈ ಔಷಧಿ ಬೇಕಾಗಿ ಇನ್ನೊಂದಕ್ಕೆ ಬೇಡವಾಗಬಹುದು. ಅದನ್ನು ವಿಂಗಡಿಸಲಿ ಅಂತಲೇ ಅವರು ಐದಾರು ವರ್ಷ ಓದಿರುವುದು.

ಈಗ ಡಬ್ಬಿಯವರ ಸರದಿ.

ನಮ್ಮ ಬೀದಿಯಲ್ಲೊಂದು ಮನೆ. ಅವರ ಗಂಡು ಬೆಕ್ಕು ಬೆಳಗಿನಿಂದ ಮಣ್ಣಿನ ತಟ್ಟೆಗೆ ಹೋಗುವುದು, ತಿಣುಕುವುದು, ಎದ್ದು ಬರುವುದು ಮಾಡುತ್ತಿತ್ತು. ಮನೆಯಾಕೆಗೆ ಆರು ತಿಂಗಳ ಹಿಂದೆ ಉರಿಮೂತ್ರವಾಗಿ ಕೊಟ್ಟಿದ್ದ ಮಾತ್ರೆ ಉಳಿದಿತ್ತು. "ನನಗೂ ಇದೇ ಆಗಿದ್ದಲ್ಲವೇ" ಅಂತ ಕಾಲು ತುಂಡು ಅರೆದು ನೆಕ್ಕಿಸಿದರು. ಮಾರನೆಯ ಬೆಳಗ್ಗೆ ಬೆಕ್ಕು ತಣ್ಣಗೆ ಬಿದ್ದಿತ್ತು. ಮೂತ್ರನಾಳ ಕಟ್ಟಿಕೊಂಡು ಮೂತ್ರಕೋಶ ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿತ್ತಂತೆ. ನಳಿಕೆ ಹಾಕಿ ಬದುಕಿಸಿದರು, ಬೆಕ್ಕಿನ ಆಯಸ್ಸು ಗಟ್ಟಿ. ಎಳೆಯ ವಯಸ್ಸಿನ ಬೆಕ್ಕಿನ ಮೂತ್ರದ ತೊಂದರೆಯಲ್ಲಿ ಹೆಚ್ಚಿನ ಸಲ ಬ್ಯಾಕ್ಟೀರಿಯಾ ಇರುವುದೇ ಇಲ್ಲ. ಹೆದರಿಕೆ, ಮನೆ ಬದಲು, ಹೊಸ ಬೆಕ್ಕು, ಕಡಿಮೆ ನೀರು ಇಂಥದ್ದರಿಂದಲೇ ಮೂತ್ರಕೋಶ ಉರಿದುಕೊಳ್ಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಯಜಮಾನಿಯ ಉರಿಮೂತ್ರದ ಮದ್ದು ಬೆಕ್ಕಿಗೆ. ಗಂಡು ಬೆಕ್ಕು ತಿಣುಕಿಯೂ ಮೂತ್ರ ಬರುತ್ತಿಲ್ಲ ಅಂದರೆ ರಾತ್ರಿಯಾದರೂ ಸರಿ, ಹೊರಡಿ.

ನಮ್ಮ ಔಷಧಿ ಅವುಗಳಿಗೂ ನಡೆಯುತ್ತದೆ ಅನ್ನುವ ಧೈರ್ಯ ನಿಮಗೆ ಎಲ್ಲಿಂದ ಬಂತೋ. ಹೆಸರು ಒಂದೇ ಇರಬಹುದು, ಅಮಾಕ್ಸಿಸಿಲಿನ್ ನಮಗೂ ಉಂಟು ನಾಯಿಗೂ ಉಂಟು. ಅದೇ ಅಮಾಕ್ಸಿಸಿಲಿನ್ನನ್ನು ಮೊಲಕ್ಕೆ ಬಾಯಲ್ಲಿ ಕೊಟ್ಟರೆ ಕರುಳಿನ ಹೆಪ್ಪು ಕೆಟ್ಟು ಮೊಲ ಸತ್ತೇಹೋಗಬಹುದು. ಎನ್ರೋಫ್ಲಾಕ್ಸಸಿನ್ ಅನ್ನುವ ಆ್ಯಂಟಿಬಯಾಟಿಕ್ ನಾಯಿಗೆ ಕೊಟ್ಟ ಲೆಕ್ಕದಲ್ಲಿ ಬೆಕ್ಕಿಗೆ ಕೊಟ್ಟು, ಪ್ರಮಾಣ ಮೀರಿದರೆ ಕಣ್ಣೇ ಹೋದೀತು. ಬೆಳೆಯುವ ನಾಯಿಮರಿಯ ಕೀಲಿಗೂ ಅದು ಒಳ್ಳೆಯದಲ್ಲ. ಆ್ಯಂಟಿಬಯಾಟಿಕ್ ಅಲ್ಲದಿದ್ದರೂ ಅದೇ ಡಬ್ಬಿಯಲ್ಲಿರುತ್ತದೆ ಅಂತ ಹೇಳಿಬಿಡುತ್ತೇನೆ: ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಮೈ ಬಿಸಿ ಇದೆ ಅಂತ ಅರ್ಧ ಮಾತ್ರೆಯೂ ಬೇಡ, ಕಾಲು ಮಾತ್ರೆಯೂ ಬೇಡ.

ಇನ್ನೊಬ್ಬರ ತಪ್ಪನ್ನೇ ಎಷ್ಟು ಹೇಳುವುದು, ನನ್ನದನ್ನೂ ಕೇಳಿ. ನಮ್ಮ ಕರಿಯ ಬೀದಿಯಿಂದ ಬಂದ ನಾಡ ನಾಯಿ. ಆರು ವರ್ಷದ ಹಿಂದೆ ಒಮ್ಮೆ ಊಟ ಬಿಟ್ಟು ಮೂಲೆ ಸೇರಿದ. ಉಣ್ಣೆ ಕಚ್ಚಿ ಬರುವ ಜ್ವರ, ಡಾಕ್ಟರ ಬಾಯಲ್ಲಿ ಎರ್ಲಿಕಿಯಾ, ನಮ್ಮ ಬಾಯಲ್ಲಿ ಟಿಕ್ ಫೀವರ್. ಡಾಕ್ಸಿಸೈಕ್ಲಿನ್ ಬರೆದು, 28 ದಿನ ತಪ್ಪದೆ ಕೊಡಿ ಅಂದರು. ನಾಲ್ಕನೆಯ ದಿನಕ್ಕೇ ಕರಿಯ ತಟ್ಟೆ ನೆಕ್ಕಿ ಗೇಟಿನ ಬಳಿ ಬೊಗಳತೊಡಗಿದ. ಹನ್ನೊಂದನೆಯ ದಿನ ನಾನು ಮಾತ್ರೆ ನಿಲ್ಲಿಸಿದೆ. ಗೆದ್ದ ಮೇಲೆ ಯುದ್ಧ ಯಾಕೆ ಅಂತ ನನ್ನ ಜಾಣತನ. ಇನ್ನೊಂದು ಕಾರಣವೂ ಇತ್ತು, ಹೇಳಲು ನಾಚಿಕೆ: "ಇಷ್ಟು ದಿನ ಇಂಗ್ಲಿಷ್ ಮಾತ್ರೆ ಕೊಟ್ಟರೆ ಉಷ್ಣ ಆಗುತ್ತದೆ" ಅಂತ ಓರಗಿತ್ತಿ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿತ್ತು. ಕೆಲವು ವಾರ ಕಳೆದು ಒಂದು ದಿನ ಬೆಳಗ್ಗೆ ಎದ್ದು ನೋಡುತ್ತೇನೆ, ರಂಗೋಲಿ ಹಾಕುವ ಜಾಗದಲ್ಲಿ ರಕ್ತ. ಕರಿಯನ ಮೂಗಿನಿಂದ ಸೋರುತ್ತಿತ್ತು. ಪ್ಲೇಟ್‌ಲೆಟ್ ಕುಸಿದಿತ್ತು. ರೋಗ ಹೋಗಿರಲಿಲ್ಲ, ಅವಿತಿತ್ತು ಅಷ್ಟೆ. ಡಾಕ್ಟರು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಮತ್ತೆ ಮೊದಲ ದಿನದಿಂದ ಶುರು. ಈ ಸಲ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರಿನಲ್ಲಿ ಇಪ್ಪತ್ತೆಂಟು ಗೀಟು ಎಳೆದೆ.

ಹಾಗಂತ ಹೆಚ್ಚು ದಿನ ಕೊಟ್ಟಷ್ಟೂ ಒಳ್ಳೆಯದು ಅಂತಲೂ ಅಲ್ಲ. ಅತಿಯಾದರೆ ಅಮೃತವೂ ವಿಷ. ನಾಯಿಯ ಸಾಧಾರಣ ಮೂತ್ರದ ಸೋಂಕಿಗೆ ಮೊದಲೆಲ್ಲ ಹತ್ತು ಹದಿನಾಲ್ಕು ದಿನ ಬರೆಯುತ್ತಿದ್ದರು, ಈಗ 3ರಿಂದ 5 ದಿನ ಸಾಕು ಅನ್ನುತ್ತಾರೆ. ಟಿಕ್ ಫೀವರಿಗೆ ತಿಂಗಳು ಬೇಕು. ಎಷ್ಟು ದಿನ ಅನ್ನುವುದು ಡಾಕ್ಟರ ಲೆಕ್ಕ. ತಪ್ಪದೆ ಎಣಿಸಿ ಕೊಡುವುದು ನಿಮ್ಮ ಲೆಕ್ಕ. ನೀವಾಗಿ ನಿಲ್ಲಿಸಬೇಡಿ, "ಇನ್ನೊಂದು ವಾರ ಇರಲಿ" ಅಂತ ನೀವಾಗಿ ಮುಂದುವರಿಸಲೂ ಬೇಡಿ. ವಾಂತಿಯಾಯಿತು, ಊಟ ಬಿಟ್ಟಿತು ಅಂದರೆ ಫೋನು ಮಾಡಿ ಕೇಳಿ, ಮಾತ್ರೆ ಬದಲಿಸುತ್ತಾರೆ. ಉಷ್ಣ ಅಂತ ಅರ್ಧ ಮಾತ್ರೆ ಕೊಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಪ್ರಾಣಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಕಿಲೋಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕಿ ಬರೆದಿರುತ್ತಾರೆ. ಪಕ್ಕದ ಮನೆಯ ಲ್ಯಾಬ್ರಡಾರಿನ ಮಾತ್ರೆ ನಿಮ್ಮ ಪೊಮೆರೇನಿಯನ್ನಿಗೆ ಆಗದು ಅನ್ನುವುದೂ ಇದಕ್ಕೇ.

ಕೊಡುವ ಕ್ರಮದಲ್ಲೂ ನಾವು ಎಡವುತ್ತೇವೆ. ನಮ್ಮ ಕಡೆಯ ನಾಯಿಗಳು ಮೊಸರನ್ನಕ್ಕೆ ಬಿದ್ದವು, ಮಾತ್ರೆಯನ್ನು ಪುಡಿ ಮಾಡಿ ಅದರಲ್ಲೇ ಕಲಸಿಬಿಡುತ್ತೇವೆ. ಹಾಲು ಮೊಸರಿನ ಕ್ಯಾಲ್ಸಿಯಂ ಎನ್ರೋಫ್ಲಾಕ್ಸಸಿನ್ನಂಥ, ಡಾಕ್ಸಿಸೈಕ್ಲಿನ್ನಂಥ ಔಷಧಿಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು, ಮೈಗೆ ಪೂರ್ತಿ ಸೇರದ ಹಾಗೆ ಮಾಡುತ್ತದೆ. ಕೆಲವಕ್ಕೆ ಹೆಚ್ಚು, ಕೆಲವಕ್ಕೆ ಕಡಿಮೆ. ನೀವು ಕೊಟ್ಟಿದ್ದು ಪೂರ್ತಿ, ಅದಕ್ಕೆ ಸೇರಿದ್ದು ಮುಕ್ಕಾಲೋ ಅರ್ಧವೋ. ರೋಗಿ ಬಯಸಿದ ಹಾಲು ಅನ್ನವನ್ನು ವೈದ್ಯರು ಬೇಡ ಅನ್ನುವುದು ಇಲ್ಲಿ. ಹಾಗಾದರೆ ಮುದ್ದೆಯೊಳಗಿಟ್ಟು ಕೊಡೋಣ ಅನ್ನುತ್ತೀರಾ? ರಾಗಿಯಲ್ಲೂ 100 ಗ್ರಾಂಗೆ 300 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಮಾತ್ರೆಯ ಹೊತ್ತಿಗೆ ಅದನ್ನೂ ದೂರ ಇಟ್ಟುಬಿಡಿ. ಬೇಯಿಸಿದ ಕೋಳಿಯ ತುಂಡೋ ಬಾಳೆಹಣ್ಣಿನ ಬಿಲ್ಲೆಯೋ ಸಾಕು. ಯಾವುದನ್ನು ಪುಡಿ ಮಾಡಬಹುದು, ಯಾವುದನ್ನು ಹಾಗೇ ನುಂಗಿಸಬೇಕು ಅಂತಲೂ ಅಲ್ಲೇ ಕೇಳಿಕೊಂಡು ಬನ್ನಿ. ಬೆಕ್ಕಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟರೆ ಹಿಂದೆಯೇ ಸೂಜಿಯಿಲ್ಲದ ಸಿರಿಂಜಿನಲ್ಲಿ ಐದಾರು ಎಂಎಲ್ ನೀರು ಕುಡಿಸಿ. ಇಲ್ಲವಾದರೆ ಅದು ಅನ್ನನಾಳದಲ್ಲೇ ಅಂಟಿ ಕೂತು ಒಳಗೆ ಸುಟ್ಟುಬಿಡುತ್ತದೆ, ಗಾಯ ಮಾಗುವಾಗ ನಾಳವೇ ಕಿರಿದಾಗುತ್ತದೆ.

ಇಷ್ಟೆಲ್ಲ ಯಾಕೆ, ಒಂದು ನಾಯಿಯ ಒಂದು ಮಾತ್ರೆಯಿಂದ ಏನು ಮಹಾ ಆಗಿಹೋಗುತ್ತದೆ ಅನ್ನಬಹುದು ನೀವು. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ತೆಗೆದುಕೊಂಡಾಗ ಮಾಡಿದ ಭಾಷಣದಲ್ಲಿ ಒಂದು ಪುಟ್ಟ ಕಥೆ ಹೇಳಿದರು. ಒಬ್ಬ ಗೃಹಸ್ಥ ಗಂಟಲು ನೋವಿಗೆ ತಾನೇ ಪೆನಿಸಿಲಿನ್ ತಂದು ಅರೆಬರೆ ತೆಗೆದುಕೊಳ್ಳುತ್ತಾನೆ. ಅವನ ಗಂಟಲಿನ ಬ್ಯಾಕ್ಟೀರಿಯಾ ಸಾಯದೆ ಔಷಧಿಯನ್ನು ತಾಳಿಕೊಳ್ಳಲು ಕಲಿಯುತ್ತವೆ. ಅವು ಅವನ ಹೆಂಡತಿಗೆ ಹತ್ತುತ್ತವೆ, ಆಕೆಗೆ ನ್ಯುಮೋನಿಯಾ, ಔಷಧಿ ಹಿಡಿಯುವುದಿಲ್ಲ, ಆಕೆ ತೀರಿಕೊಳ್ಳುತ್ತಾಳೆ. ಆಗ ಅದು ಕಥೆ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಾಗಿಯೇ 2019ರ ಒಂದೇ ವರ್ಷದಲ್ಲಿ ಲೋಕದಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಸಂಶೋಧಕರು ಹಾಕಿದ ಅಂದಾಜು.

ಆ ಕಥೆಯಲ್ಲಿ ಗಂಡ ಹೆಂಡತಿ ಇದ್ದರು. ನಿಮ್ಮ ಮನೆಯಲ್ಲಿ ಮಗು ಮತ್ತು ನಾಯಿ ಒಂದೇ ಸೋಫಾದ ಮೇಲೆ ಮಲಗುತ್ತವೆ, ಅದು ಇವನ ಮುಖ ನೆಕ್ಕುತ್ತದೆ, ಇವನು ಅದರ ಬಾಯಿಂದ ಚೆಂಡು ಕಿತ್ತುಕೊಂಡು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಾನೆ. ಬ್ಯಾಕ್ಟೀರಿಯಾಕ್ಕೆ ಮನೆ ಯಾರದು, ಮೈ ಯಾರದು ಅನ್ನುವ ಭೇದವಿಲ್ಲ. ಅಲ್ಲಿಂದ ಇಲ್ಲಿಗೂ ಬರುತ್ತವೆ, ನಮ್ಮಿಂದ ಅವುಗಳಿಗೂ ಹೋಗುತ್ತವೆ, ದೂರು ಹೊರಿಸುವುದಾದರೆ ಇಬ್ಬರ ಮೇಲೂ ಹೊರಿಸಿ. ಇನ್ನೂ ಒಂದು ಚಾಲಾಕಿತನ ಅವುಗಳಿಗಿದೆ. ಔಷಧಿಯಿಂದ ತಪ್ಪಿಸಿಕೊಳ್ಳುವ ವಿದ್ಯೆ ಕಲಿತ ಬ್ಯಾಕ್ಟೀರಿಯಾ ಅದನ್ನು ತನ್ನ ಮರಿಗಳಿಗಷ್ಟೇ ಕೊಡುವುದಿಲ್ಲ, ಬೇರೆ ಜಾತಿಯ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತದೆ. ಕಾಂಪೌಂಡ್ ಗೋಡೆಯ ಮೇಲಿಂದ ನಾವು ಪಕ್ಕದ ಮನೆಗೆ ಉಪ್ಪಿನಕಾಯಿ ಬಟ್ಟಲು ದಾಟಿಸುವುದಿಲ್ಲವೇ, ಹಾಗೆ. ನಾಯಿಗೆ ಬಳಸುವ ಔಷಧಿಗಳಲ್ಲಿ ಬಹಳಷ್ಟು ನಮಗೂ ಬಳಸುವ ವರ್ಗದವೇ. ಅಲ್ಲಿ ಕೆಡಿಸಿದರೆ ಇಲ್ಲೂ ಕೆಟ್ಟಂತೆ.

ಆದ್ದರಿಂದ ಮುಂದಿನ ಸಲ ಡಾಕ್ಟರ ಎದುರು ಕೂತಾಗ ಕೇಳುವ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ. "ಆ್ಯಂಟಿಬಯಾಟಿಕ್ ಕೊಡಲ್ವಾ?" ಅನ್ನುವ ಬದಲು "ಇದಕ್ಕೆ ಬೇಕೇ ಬೇಕಾ? ಎರಡು ದಿನ ಕಾದು ನೋಡಬಹುದಾ? ಏನು ಕಂಡರೆ ತಕ್ಷಣ ಬರಬೇಕು?" ಅಂತ ಕೇಳಿ. ಹೀಗೆ ಕೇಳುವವರು ಸಿಕ್ಕರೆ ಡಾಕ್ಟರಿಗೂ ಜೀವ ಹಗುರ. ಬ್ರಿಟನ್ನಿನ ಸಾಕುಪ್ರಾಣಿ ವೈದ್ಯರ ಸಂಘದವರು ಈ ಸಲ ಆ್ಯಂಟಿಬಯಾಟಿಕ್ ಯಾಕೆ ಬರೆದಿಲ್ಲ ಅಂತ ತಿಳಿಸಿ ಯಜಮಾನರ ಕೈಗೆ ಕೊಡಲು ಒಂದು ಚೀಟಿಯನ್ನೇ ಮಾಡಿದ್ದಾರೆ. ಬರಿಗೈಯಲ್ಲಿ ಕಳಿಸಿದರು ಅನ್ನಿಸಬಾರದಲ್ಲ! ನಮ್ಮಲ್ಲಿ ಚೀಟಿ ಇಲ್ಲದಿದ್ದರೂ ಬಾಯಿ ಇದೆ. ಔಷಧಿ ಬರೆಯದೆ ಹತ್ತು ನಿಮಿಷ ಕೂರಿಸಿ ವಿವರಿಸಿದ ಡಾಕ್ಟರಿಗೂ ಫೀಸನ್ನು ನಗುಮುಖದಿಂದ ಕೊಡಿ. ಫೀಸು ಬುದ್ಧಿಗೆ, ಮಾತ್ರೆಗಲ್ಲ. ಅದೇ ಗಾಯ, ಅದೇ ಕಿವಿ ಮತ್ತೆ ಮತ್ತೆ ಕೀವು ಕಟ್ಟುತ್ತಿದ್ದರೆ ಕಲ್ಚರ್ ಟೆಸ್ಟ್ ಮಾಡಿಸಿ ಅನ್ನುತ್ತಾರೆ, ಯಾವ ಔಷಧಿಗೆ ಅದು ಸಾಯುತ್ತದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಎರಡು ಮೂರು ದಿನ ಹಿಡಿಯುತ್ತದೆ, ದುಡ್ಡೂ ಹಿಡಿಯುತ್ತದೆ. ಆದರೂ ಮೂರು ಬಗೆಯ ಮಾತ್ರೆ ದಂಡ ಮಾಡುವುದಕ್ಕಿಂತ ಅಗ್ಗ.

ಮೆಡಿಕಲ್ ಶಾಪಿನವರು ಒಳ್ಳೆಯವರು, ನೆರೆಯವರು, ಕೇಳಿದರೆ ಕೊಟ್ಟುಬಿಡುತ್ತಾರೆ. ನೀವೇ ಕೇಳಬೇಡಿ. ಮಾತ್ರೆಯ ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿಯಿಲ್ಲದೆ ಮಾರುವಂತಿಲ್ಲದ ಔಷಧಿ. ಬಲವಾದ ಕೆಲವು ಆ್ಯಂಟಿಬಯಾಟಿಕ್‌ಗಳನ್ನು ಯಾರಿಗೆ ಮಾರಿದರು, ಯಾವ ಡಾಕ್ಟರ ಚೀಟಿ ಅಂತ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕು ಅನ್ನುವ ನಿಯಮ 2014ರಿಂದಲೇ ಇದೆ. ನಾಯಿಗೆ ತಾನೇ ಅಂದರೆ ಕಾನೂನು ಬೇರೆಯಾಗುವುದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಸಾಲಿಗೆ ಸೇರಬೇಡಿ. ಮರಿಗೆ ಆರರಿಂದ ಎಂಟು ವಾರಕ್ಕೆ ಲಸಿಕೆ ಶುರು ಮಾಡಿಸಿ, ನಾಲ್ಕು ತಿಂಗಳಾಗುವವರೆಗೂ ಹೇಳಿದ ದಿನಕ್ಕೆ ತಪ್ಪದೆ ಕರೆದುಕೊಂಡು ಹೋಗಿ. ಹಾಕಿಸಿದ ಲಸಿಕೆ ಮುಂದೆ ಎಷ್ಟೋ ಸೂಜಿ ಉಳಿಸುತ್ತದೆ. ಹೆಣ್ಣು ನಾಯಿಗೆ ಮರಿ ಬೇಡವೆಂದಿದ್ದರೆ ಆಪರೇಷನ್ ಮಾಡಿಸಿ. ವಯಸ್ಸಾದ ಮೇಲೆ ಗರ್ಭಕೋಶ ಕೀವು ತುಂಬಿಕೊಂಡಿತು ಅಂದರೆ ಬರೀ ಮಾತ್ರೆಯಲ್ಲಿ ಮುಗಿಯುವ ಕೆಲಸ ಅದಲ್ಲ. ಕೋಳಿ ಅಂಗಡಿಯ ಚೂರುಪಾರು ತಂದು ಹಸಿಯಾಗಿ ಹಾಕುವ ಹೊಸ ಶೋಕಿ ಬಂದಿದೆ, ಹಸಿ ಮಾಂಸ ತಿನ್ನುವ ನಾಯಿಗಳ ಮಲದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಾಗಿ ಕಂಡುಬಂದಿವೆ. ಕುಕ್ಕರ್ ಇಟ್ಟುಕೊಂಡು ಯಾಕೆ ಈ ಸೋಮಾರಿತನ? ಲಸಿಕೆಯದೇ ಇನ್ನೊಂದು ಮಾತು: ನಾಯಿ ಕಚ್ಚಿದ ಗಾಯಕ್ಕೆ ಆ್ಯಂಟಿಬಯಾಟಿಕ್ ತಿಂದೆ, ರೇಬೀಸ್ ಬರುವುದಿಲ್ಲ ಅಂದುಕೊಂಡವರೂ ಇದ್ದಾರೆ. ಅದು ವೈರಸ್, ಮಹಾರಾಯರೇ. ನಿಮಗೆ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅವತ್ತೇ ಲಸಿಕೆಗೆ ಹೋಗಬೇಕು.

ಸರಿ, ಈಗ ಎದ್ದು ಆ ಡಬ್ಬಿ ಇಳಿಸಿ, ಇತ್ತ ತನ್ನಿ. ಹೆಸರೇ ಕಾಣದ ಹಾಗೆ ಕತ್ತರಿಸಿದ ಪಟ್ಟಿ ಒಂದು ಕಡೆ. ತಾರೀಖು ದಾಟಿದ್ದು ಒಂದು ಕಡೆ. ನೀರು ಬೆರೆಸಿ ವಾರ ಕಳೆದ ಸಿರಪ್ಪು ಒಂದು ಕಡೆ. ಯಾರ ರೋಗಕ್ಕೆ ತಂದಿದ್ದೋ ನೆನಪಿಲ್ಲದ ಆ್ಯಂಟಿಬಯಾಟಿಕ್ ಪೂರಾ ಒಂದು ಕಡೆ. ಯಾವುದನ್ನೂ ಬಚ್ಚಲಿಗೆ ಸುರಿಯಬೇಡಿ, ಗಿಡದ ಬುಡಕ್ಕೂ ಹಾಕಬೇಡಿ. ಕಾಗದದಲ್ಲಿ ಸುತ್ತಿ, ಹಳೆ ಔಷಧಿ ಅಂತ ಮೇಲೆ ಬರೆದು, ಹಸಿ ಕಸ ಒಣ ಕಸಕ್ಕೆ ಸೇರಿಸದೆ ಬೇರೆಯಾಗಿ ಕಸದ ಗಾಡಿಗೆ ಕೊಡಿ. ಖಾಲಿಯಾದ ಡಬ್ಬಿಯನ್ನು ತೊಳೆದು ಒರೆಸಿ. ಅದರೊಳಗೆ ಲಸಿಕೆಯ ಪುಸ್ತಕ ಇಡಿ, ರಾತ್ರಿ ಹೊತ್ತೂ ಸಿಗುವ ಡಾಕ್ಟರ ನಂಬರು ಬರೆದಿಡಿ, ಮೊನ್ನೆ ತೂಗಿದ ತೂಕ ಬರೆದಿಡಿ, ಉಣ್ಣೆ ಹೆಕ್ಕುವ ಒಂದು ಚಿಮಟ ಇಡಿ. ಸಂಜೆ ವಾಕಿಂಗ್ ಮುಗಿಸಿ ಬಂದ ಮೇಲೆ ಬಾಗಿಲಲ್ಲೇ ಕೂರಿಸಿಕೊಂಡು ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿ. ಸಿಕ್ಕ ಉಣ್ಣೆಯನ್ನು ಉಗುರಲ್ಲಿ ಹಿಸುಕಬೇಡಿ, ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ನಮ್ಮ ಕರಿಯ ಈಗ ಆ ಡಬ್ಬಿಯ ಸದ್ದಾದರೆ ತಾನೇ ಬಂದು ಕಾಲು ಚಾಚಿ ಮಲಗುತ್ತಾನೆ.